ಸರ್ಚ್ ಆ್ಯಡ್‌ಗೆ ಜಾಸ್ತಿ ಕ್ಲಿಕ್ ಬರೋ ಹಾಗೆ ಬರೆಯೋದು ಹೇಗೆ?

ಶೇ. 3 ಸಿಟಿಆರ್ (ಆ್ಯಡ್ ನೂರು ಸಲ ಕಂಡ್ರೆ ಎಷ್ಟು ಸಲ ಒತ್ತಿದ್ರು ಅನ್ನೋ ಲೆಕ್ಕ) ಸಾಲ್ತಿಲ್ಲ, ಹೆಡ್‌ಲೈನ್‌ಗೆ ಏನು ಸೇರಿಸಿದ್ರೆ ಜಾಸ್ತಿ ಜನ ಒತ್ತುತಾರೆ ಅಂತ ಕೇಳಿದೀರಲ್ಲ, ಅಯ್ಯೋ, ಇದೇ ಪ್ರಶ್ನೆ ತಲೇಲಿಟ್ಕೊಂಡು ನಾನೂ ಎಷ್ಟೋ ರಾತ್ರಿ ಕೂತಿದೀನಿ. ಉತ್ತರ ಸಿಕ್ತು ಕೂಡ. ದುಡ್ಡು ಹೋಗಿದ್ದು ಆ ಉತ್ತರದಿಂದಾನೇ.

ನಂದು ಕೆಟ್ಟುಹೋದ ಹಾರ್ಡ್ ಡಿಸ್ಕಿಂದ ಡೇಟಾ ತೆಗೆದುಕೊಡೋ ಕೆಲಸ. ಸಾಫ್ಟ್‌ವೇರ್ ಮಾರೋದಲ್ಲ, ಡಿಸ್ಕ್ ನನ್ನ ಕೈಗೆ ಬರ್ಬೇಕು, ಕೆಲವೊಂದನ್ನ ಬಿಚ್ಚಲೇಬೇಕು. ಗೂಗಲ್ ಆ್ಯಡ್ಸ್‌ನಲ್ಲಿ ನಾನೇ ಕೂತು ಬರೆದೆ. ರೆಸ್ಪಾನ್ಸಿವ್ ಸರ್ಚ್ ಆ್ಯಡ್ ನಿಮಗೆ ಗೊತ್ತೇ ಇರುತ್ತೆ, 30 ಅಕ್ಷರದ ಹೆಡ್‌ಲೈನ್ 15ರ ತನಕ, 90 ಅಕ್ಷರದ ಡಿಸ್ಕ್ರಿಪ್ಶನ್ 4ರ ತನಕ ಕೊಡ್ಬಹುದು, ಅದ್ರಲ್ಲಿ ಒಂದ್ಸಲಕ್ಕೆ ಹೆಚ್ಚಂದ್ರೆ 3 ಹೆಡ್‌ಲೈನ್, 2 ಡಿಸ್ಕ್ರಿಪ್ಶನ್ ಆಯ್ದು ಜೋಡಿಸ್ಕೊಂಡು ತೋರಿಸ್ತಾರೆ. ನನ್ನ 15ರಲ್ಲಿ ಒಂದು "ಉಚಿತ ತಪಾಸಣೆ, ಇವತ್ತೇ". ಸುಳ್ಳೇನಲ್ಲ, ಡಿಸ್ಕ್ ನೋಡಿ ಡೇಟಾ ಸಿಗುತ್ತಾ ಇಲ್ವಾ ಅಂತ ಹೇಳೋಕೆ ನಾನು ದುಡ್ಡು ತಗೊಳ್ತಿರ್ಲಿಲ್ಲ.

ಆ 'ಉಚಿತ' ಇದೆಯಲ್ಲ, ಅದೊಂದು ಪದ ಸೇರಿಸಿದ ಮೇಲೆ ಸಿಟಿಆರ್ 3 ಇದ್ದದ್ದು 8ಕ್ಕೆ ಹೋಯ್ತು. ಆ್ಯಡ್ಡೂ ಪೇಜೂ ಹುಡುಕಾಟಕ್ಕೆ ಎಷ್ಟು ಹೊಂದುತ್ತೆ ಅಂತ ಗೂಗಲ್ ಕೊಡೋ ಕ್ವಾಲಿಟಿ ಸ್ಕೋರೂ ಏರ್ತು. ನಾನು ಹಿಗ್ಗಿ ಹೀರೇಕಾಯಿ. ಮೂರು ವಾರ ಕಳೀತು, ಬಜೆಟ್ ದಿನಾ ಮಧ್ಯಾಹ್ನದೊಳಗೆ ಖಾಲಿ, ಫೋನ್ ಮಾತ್ರ ಸುಮ್ನೆ ಬಿದ್ದಿದೆ. ಬಂದ ಎರಡು ಕರೇಲಿ ಒಬ್ರು ಕೇಳಿದ್ದು "ಡೌನ್‌ಲೋಡ್ ಲಿಂಕ್ ಎಲ್ಲಿದೆ?"

ಆಗ ಸರ್ಚ್ ಟರ್ಮ್ಸ್ ರಿಪೋರ್ಟ್, ಅಂದ್ರೆ ಜನ ಏನು ಹುಡುಕಿದಾಗ ನಮ್ಮ ಆ್ಯಡ್ ಬಂತು ಅನ್ನೋ ಪಟ್ಟಿ, ತೆಗೆದೆ, ಮೊದಲನೇ ಸಲ, ನಾಚಿಕೆಗೇಡು. ನಾನು ಕೊಟ್ಟ ಕೀವರ್ಡ್ (ಯಾವ ಹುಡುಕಾಟಕ್ಕೆ ಆ್ಯಡ್ ಬರ್ಬೇಕು ಅಂತ ಹೇಳೋ ಪದ) 'ಡೇಟಾ ರಿಕವರಿ', ಅದೂ ಬ್ರಾಡ್ ಮ್ಯಾಚ್, ಅಂದ್ರೆ ಸಂಬಂಧ ಇರೋ ಹುಡುಕಾಟಕ್ಕೆಲ್ಲ ಆ್ಯಡ್ ಹೋಗುತ್ತೆ, ಯಾಕಂದ್ರೆ ಯಾವ ಚಿಹ್ನೆನೂ ಹಾಕ್ದೆ ಬರೆದ್ರೆ ಅದು ಬ್ರಾಡೇ. ಜನ ಹುಡುಕಿದ್ದು 'ಫ್ರೀ ರಿಕವರಿ ಸಾಫ್ಟ್‌ವೇರ್', 'ಡಿಲೀಟ್ ಆದ ಫೋಟೋ ವಾಪಸ್ ತರೋ ಆ್ಯಪ್', 'ಡೇಟಾ ರಿಕವರಿ ಕೋರ್ಸ್'. ಅವ್ರೆಲ್ಲ ನನ್ನ 'ಉಚಿತ' ನೋಡಿ ಒತ್ತಿದಾರೆ, ಪೇಜ್ ನೋಡಿದಾರೆ, ಹಿಂದೆ ಹೋಗಿದಾರೆ, ಒಂದೊಂದಕ್ಕೂ ನಾನು ದುಡ್ಡು ಕಟ್ಟಿದೀನಿ. ಬ್ರಾಡ್ ಮ್ಯಾಚ್ ತಪ್ಪೇ, ಆದ್ರೆ ಅದು ಬಾಗಿಲು ತೆರೆದಿಟ್ಟಿತ್ತು ಅಷ್ಟೇ, ಕೈ ಹಿಡಿದು ಒಳಗೆ ಕರೆದದ್ದು ನನ್ನ ಹೆಡ್‌ಲೈನ್. ಇನ್ನೊಂದು ಮಜಾ ಕೇಳಿ, ಯಾವ ಜೋಡಣೆ ಚೆನ್ನಾಗಿ ಓಡುತ್ತೆ ಅಂತ ಸಿಸ್ಟಮ್ ಕಲೀತಾ ಹೋಗುತ್ತಲ್ಲ, ನಾನು ಕರೆಗಳನ್ನ ಕನ್ವರ್ಷನ್ (ನಮಗೆ ಬೇಕಾದ ಫಲ) ಅಂತ ಲೆಕ್ಕಕ್ಕೇ ಕೊಟ್ಟಿರ್ಲಿಲ್ಲ, ಬಿಡ್ಡಿಂಗ್ ಬೇರೆ 'ಮ್ಯಾಕ್ಸಿಮೈಸ್ ಕ್ಲಿಕ್ಸ್', ಅಂದ್ರೆ ಬಜೆಟ್ಟಲ್ಲಿ ಆದಷ್ಟು ಕ್ಲಿಕ್ ತರೋದು, ಅದಕ್ಕೆ ಕಾಣ್ತಿದ್ದದ್ದು ಕ್ಲಿಕ್ ಒಂದೇ. ಹಾಗಾಗಿ ಉಳಿದ 14 ಹೆಡ್‌ಲೈನ್ ಮೂಲೆಗೆ ಬಿದ್ವು, 'ಉಚಿತ' ಎಲ್ಲಕ್ಕಿಂತ ಮುಂದೆ ನಿಂತು ಮೆರೀತು. ನಾನೇ ಕೇಳಿದ್ದು, ಅದು ಕೊಡ್ತು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆನೇ ಉಲ್ಟಾ. ಒತ್ತೋ ಮುಂಚೆನೇ ಬೇಡದವರು 'ಇದು ನಂಗಲ್ಲ' ಅಂತ ಮುಂದೆ ಹೋಗೋ ಹಾಗೆ ಬರೀರಿ. ಆ್ಯಡ್ ತೋರಿಸೋದಕ್ಕೆ ದುಡ್ಡಿಲ್ಲ ಸ್ವಾಮಿ, ಒತ್ತಿದ್ರೆ ಮಾತ್ರ. ನಾನು 'ಉಚಿತ' ಕಿತ್ತು ಹಾಕಿ "ಸಾಫ್ಟ್‌ವೇರ್ ಅಲ್ಲ, ಲ್ಯಾಬ್ ಕೆಲಸ" ಅಂತ ಒಂದು ಬರೆದೆ, ಅದನ್ನ ಮೊದಲನೇ ಜಾಗಕ್ಕೆ ಪಿನ್ ಮಾಡ್ದೆ, ಅಂದ್ರೆ ಆ ಜಾಗದಲ್ಲಿ ಅದೇ ಬರ್ಬೇಕು ಅಂತ ಕಟ್ಟಿಹಾಕ್ದೆ. ಪಿನ್ ಮಾಡಿದ ಕೂಡ್ಲೇ, ಆ್ಯಡ್ ಎಷ್ಟು ಚೆನ್ನಾಗಿ ಬರೆದಿದೀವಿ ಅಂತ ಗೂಗಲ್ ತೋರಿಸೋ ಆ್ಯಡ್ ಸ್ಟ್ರೆಂತ್ 'ಪೂರ್' ಅಂತ ಕೆಂಪಗಾಯ್ತು. ಆಗ್ಲಿ ಬಿಡಿ. ಅದಾಗ್ಲಿ, 10ಕ್ಕೆ ಇಷ್ಟು ಅಂತ ಕೊಡೋ ಕ್ವಾಲಿಟಿ ಸ್ಕೋರ್ ಆಗ್ಲಿ, ಯಾರ ಆ್ಯಡ್ ಎಲ್ಲಿ ಬರ್ಬೇಕು ಅಂತ ನಡೆಯೋ ಹರಾಜಿಗೆ ನೇರ ಹೋಗೋ ಅಂಕ ಅಲ್ಲ, ಎಲ್ಲಿ ಎಡವಿದೀವಿ ಅಂತ ನೋಡ್ಕೊಳ್ಳೋಕೆ ಅಷ್ಟೇ, ಇದನ್ನ ಗೂಗಲ್ಲೇ ಹೇಳುತ್ತೆ.

ಈ ಪದ ಹುಡುಕಿದ್ರೆ ಆ್ಯಡ್ ತೋರಿಸ್ಬೇಡಿ ಅಂತ ಕೊಡೋ ನೆಗೆಟಿವ್ ಕೀವರ್ಡಲ್ಲೂ ಒಂದು ಗುಂಡಿ ಇದೆ. 'ಫ್ರೀ' ತಡೆದ್ರೆ 'ಉಚಿತ' ತಾನಾಗೇ ನಿಲ್ಲಲ್ಲ. ಮಾಮೂಲಿ ಕೀವರ್ಡ್ ಹತ್ತಿರದ ಅರ್ಥಕ್ಕೆಲ್ಲ ಹರಡ್ಕೊಳ್ಳುತ್ತೆ, ನೆಗೆಟಿವ್ ಹಾಗಲ್ಲ, ಸಮಾನಾರ್ಥ, ಏಕವಚನ, ಬಹುವಚನ ಎಲ್ಲ ಬೇರೆ ಬೇರೆ ಕೊಡ್ಬೇಕು. 2020ರ ಸೆಪ್ಟೆಂಬರ್‌ನಿಂದ ರಿಪೋರ್ಟಲ್ಲಿ ಎಲ್ಲ ಹುಡುಕಾಟನೂ ತೋರಿಸಲ್ಲ ಬೇರೆ, ಹಾಗಾಗಿ ಕಾಣೋ ನಾಲ್ಕು ನೋಡಿ ಕಾಣದ ಹತ್ತನ್ನ ನೀವೇ ಊಹಿಸಿ.

ಪದ ಎಲ್ಲಿಂದ ತರ್ಲಿ ಅಂದ್ರೆ, ಫೋನ್ ಮಾಡಿದವ್ರ ಬಾಯಿಂದ. 'ಪವರ್ ವರ್ಡ್ಸ್' ಪಟ್ಟಿಗಳನ್ನ ಒಲೆಗೆ ಹಾಕಿ. ನನ್ನ ಗಿರಾಕಿ ಯಾರೂ 'ಡೇಟಾ ಲಾಸ್' ಅನ್ನಲ್ಲ, "ಡಿಸ್ಕ್ ಟಿಕ್ ಟಿಕ್ ಅಂತಿದೆ, ಓಪನ್ ಆಗ್ತಿಲ್ಲ" ಅಂತಾರೆ. ಅದನ್ನೇ ಎತ್ಕೊಂಡು "ಡಿಸ್ಕ್ ಟಿಕ್ ಟಿಕ್ ಅಂತಿದ್ಯಾ?" ಅಂತ ಹೆಡ್‌ಲೈನ್ ಮಾಡ್ದೆ, ಡಿಸ್ಕ್ರಿಪ್ಶನಲ್ಲಿ "ಮೊದಲು ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡ್ಬೇಡಿ, ಡಿಸ್ಕ್ ತನ್ನಿ". ಪೇಜ್ ತೆರೆದ್ರೂ ಮೇಲ್ಗಡೆ ಅದೇ ಮಾತು.

ಸಿಟಿಆರ್ 2ಕ್ಕೆ ಇಳೀತು, ನಿಮಗಿಂತ ಕಮ್ಮಿ. ಅದಾಗಿ ನಾಲ್ಕನೇ ದಿನ ಒಬ್ರು ಫೋನ್ ಮಾಡಿ, ಹಲೋನೂ ಹೇಳ್ದೆ, "ನೀವು ಹೇಳಿದ್ರಲ್ಲ, ಆಫ್ ಮಾಡಿದೀನಿ, ಈಗ ತರ್ಲಾ?" ಅಂದ್ರು.