ನಿಮ್ಮ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇನೆ

ಮಾನ್ಯರೇ,

‘ಸೋತ ವಿಮರ್ಶಕರು, ಗೆದ್ದ ಚಿತ್ರಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದ್ದೇನೆ. ಹದಿನಾಲ್ಕು ಚಿತ್ರಗಳನ್ನು ಆರಿಸಿಕೊಂಡು, ಅವು ತೆರೆಕಂಡಾಗ ಪತ್ರಿಕೆಗಳಲ್ಲಿ ಬಂದ ಅಭಿಪ್ರಾಯವನ್ನು ಒಂದೊಂದೇ ಸಾಲಿನಲ್ಲಿ ಕೊಟ್ಟು, ಪಕ್ಕದಲ್ಲಿ ಆ ಚಿತ್ರ ಎಷ್ಟು ವಾರ ಓಡಿತೆಂಬುದನ್ನು ನಮೂದಿಸಿ, ಪತ್ರಿಕಾ ವಿಮರ್ಶೆಗೆ ಯಾವ ಬೆಲೆಯೂ ಇಲ್ಲವೆಂಬ ತೀರ್ಮಾನಕ್ಕೆ ಬಂದಿದ್ದೀರಿ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ನಮ್ಮಿಂದಾಗದು. ಆದರೆ ಅದರೊಳಗೆ ಬೇರೊಂದು ಒಳ್ಳೆಯ ಲೇಖನ ಇದೆ ಎಂದು ನನಗೆ ಅನ್ನಿಸಿರುವುದರಿಂದ, ಎರಡು ಸಾಲಿನ ವಿಷಾದ ಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮುಖ್ಯ ತಕರಾರನ್ನೇ ಮೊದಲು ಹೇಳುತ್ತೇನೆ. ಚಿತ್ರ ಓಡುತ್ತದೆಯೇ ಇಲ್ಲವೇ ಎಂಬುದು ಹಂಚಿಕೆದಾರರ ಪ್ರಶ್ನೆ, ಚಿತ್ರಮಂದಿರದ ಮಾಲೀಕರ ಪ್ರಶ್ನೆ. ಚಿತ್ರ ಏನು ಮಾಡಲು ಹೊರಟಿದೆ, ಎಲ್ಲಿ ಕೈಗೂಡಿದೆ, ಎಲ್ಲಿ ಎಡವಿದೆ ಎಂಬುದು ವಿಮರ್ಶಕರ ಪ್ರಶ್ನೆ. ತಾವು ಕೈಗೆತ್ತಿಕೊಳ್ಳದೇ ಇದ್ದ ಪ್ರಶ್ನೆಗೆ ಅವರ ಉತ್ತರ ತಪ್ಪಾಯಿತೆಂದು ಅಂಕ ಕಳೆಯುವುದು ನ್ಯಾಯವಲ್ಲ. ನಿಮ್ಮ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಂದು ಕಾರಣವಿತ್ತು. ನೀವು ಕಾರಣವನ್ನು ಅಲ್ಲೇ ಬಿಟ್ಟು ತೀರ್ಪನ್ನು ಮಾತ್ರ ಎತ್ತಿಕೊಂಡು ಬಂದಿದ್ದೀರಿ.

‘ಶೋಲೆ’ಯನ್ನೇ ತೆಗೆದುಕೊಳ್ಳೋಣ. ನಿಮ್ಮ ಪಟ್ಟಿಯ ಮೊದಲ ಚಿತ್ರ ಅದು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡದ್ದರಿಂದ ಅದರ ಮೇಲೆ ನಮ್ಮವರಿಗೆ ಮಮತೆಯೂ ಇದೆ. 1975ರ ಆಗಸ್ಟ್ 15ರಂದು ಅದು ಬಿಡುಗಡೆಯಾದ ‘ಮರುದಿನವೇ ಇಂಡಿಯಾ ಟುಡೇ ದಿನಪತ್ರಿಕೆ ಅದನ್ನು ಆರಿಹೋದ ಕೆಂಡವೆಂದು ಜರೆಯಿತು’ ಎಂದು ಬರೆದಿದ್ದೀರಿ. ಆ ಮಾತು ಆ ಪತ್ರಿಕೆಯಲ್ಲಿ ಬಂದದ್ದು ನಿಜ. ಆದರೆ ಅದು ದಿನಪತ್ರಿಕೆಯಲ್ಲ, ಆಗ ಪಾಕ್ಷಿಕ. ಅದರ ಮೊದಲ ಸಂಚಿಕೆ ಹೊರಬಂದದ್ದೇ 1975ರ ಡಿಸೆಂಬರಿನಲ್ಲಿ. ಹಾಗಾದರೆ ಆ ವಿಮರ್ಶೆ ಚಿತ್ರ ತೆರೆಕಂಡು ಮೂರು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬಂದದ್ದು. ಜನ ಮುಗಿಬಿದ್ದು ನೋಡುತ್ತಿದ್ದುದನ್ನು ಕಂಡೂ ಒಬ್ಬರು ತಮ್ಮ ಭಿನ್ನಮತವನ್ನು ಬರೆದಿದ್ದಾರೆ; ಅದನ್ನು ಫಲಿಸದ ಭವಿಷ್ಯವೆಂದು ಕರೆಯಲಾಗದು. ಈ ಒಂದು ದಿನಾಂಕವನ್ನು ಪರಿಶೀಲಿಸಿದ್ದರೆ ನಿಮ್ಮ ಮೊದಲ ಪುಟದ ವಾದವೇ ಬೇರೆಯಾಗುತ್ತಿತ್ತು. ಯಾರೋ ಕಳುಹಿಸಿದ ಸಂದೇಶದಿಂದ ಉದ್ಧರಣೆ ಎತ್ತಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಈಗಲೇ ಬಿಡಿ.

ಅದೇ ಚಿತ್ರವನ್ನು ಫಿಲ್ಮ್‌ಫೇರ್ ಪತ್ರಿಕೆ ಪಾಶ್ಚಾತ್ಯ ಕೌಬಾಯ್ ಚಿತ್ರಗಳ ಅನುಕರಣೆ ಎಂದಿತು. ಅಲ್ಲಿಗೂ ಸಲ್ಲದ, ಇಲ್ಲಿಗೂ ಸಲ್ಲದ ಚಿತ್ರ ಎಂಬುದು ಆ ಮಾತಿನ ತಾತ್ಪರ್ಯ. ಇಲ್ಲಿ ನೀವು ನಿಂತು ಯೋಚಿಸಬೇಕಿತ್ತು. ಕೌಬಾಯ್ ಚಿತ್ರಗಳ ಪ್ರಭಾವವಿದೆ ಎಂಬ ಮಾತು ಸುಳ್ಳಲ್ಲ. ಬಂಡೆ, ಕುದುರೆ, ಬಾಡಿಗೆಗೆ ಬಂದ ಬಂದೂಕಿನ ಗಂಡಸರು, ಎಲ್ಲವೂ ಅಲ್ಲಿಂದ ಬಂದವೇ. ವಿಮರ್ಶಕರ ಕಣ್ಣಿಗೆ ಮೂಲ ಸರಿಯಾಗಿಯೇ ಕಂಡಿತ್ತು, ಆ ಮೂಲದಿಂದ ಇಲ್ಲಿ ಏನು ಹುಟ್ಟಿತು ಎಂಬುದು ಕಾಣಲಿಲ್ಲ. ಕುರುಡ ಇಮಾಮ್ ಸಾಹೇಬರ ದೃಶ್ಯವನ್ನು ನೆನಪಿಸಿಕೊಳ್ಳಿ. ಮಗನ ಹೆಣವನ್ನು ಕುದುರೆ ಊರಿಗೆ ಹೊತ್ತು ತಂದಿದೆ. ಸುತ್ತ ನಿಂತ ಊರವರಲ್ಲಿ ಒಬ್ಬರ ಬಾಯಿಂದಲೂ ಮಾತು ಹೊರಡದು. ಮುದುಕರು ಕೋಲೂರಿಕೊಂಡು ಬಂದು, ಇದೇಕೆ ಇಷ್ಟೊಂದು ಮೌನ ಎಂದು ಕೇಳುತ್ತಾರೆ. ಕಾಣದವನಿಗೆ ಮೌನವೇ ಸುದ್ದಿ ಮುಟ್ಟಿಸುವ ಆ ಗಳಿಗೆ, ಆ ಪಾತ್ರ ಮಾಡಿದ ಎ.ಕೆ. ಹಂಗಲ್ ಅವರ ಆ ದನಿ, ನಮ್ಮ ಹಳ್ಳಿಯ ಸಾವಿನ ಮನೆಯಿಂದ ಎದ್ದು ಬಂದದ್ದು. ಕೌಬಾಯ್ ಚಿತ್ರದಿಂದ ಎರವಲು ತಂದದ್ದಲ್ಲ. ಅನುಕರಣೆ ಎಂಬ ಆಕ್ಷೇಪಕ್ಕೆ ಇಂಥ ದೃಶ್ಯವನ್ನು ಎದುರಿಟ್ಟು ಉತ್ತರಿಸಿದ್ದರೆ ನೀವು ವಿಮರ್ಶಕರೊಂದಿಗೆ ನಿಜವಾಗಿ ವಾದ ಮಾಡಿದಂತಾಗುತ್ತಿತ್ತು. ಅದರ ಬದಲು ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋಗಿದ್ದೀರಿ.

ನ್ಯೂಯಾರ್ಕ್ ಟೈಮ್ಸ್‌ನ ಚಿತ್ರವಿಮರ್ಶಕ ಬಾಸ್ಲಿ ಕ್ರೌದರ್ ಅವರ ವಿಷಯದಲ್ಲಿಯೂ ಇದೇ ಆಗಿದೆ, ಮತ್ತು ಅಲ್ಲಿ ನನಗೆ ಹೆಚ್ಚು ನೋವಾಯಿತು. 1958ರಲ್ಲಿ ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಪಥೇರ್ ಪಾಂಚಾಲಿ’ ನ್ಯೂಯಾರ್ಕಿಗೆ ಹೋದಾಗ, ಇಷ್ಟು ಸಡಿಲವಾದ, ಇಷ್ಟು ನಿಧಾನವಾದ ಚಿತ್ರ ಹಾಲಿವುಡ್ಡಿನ ಸಂಕಲನಕಾರರ ಮುಂದೆ ಕಚ್ಚಾ ಜೋಡಣೆಯಾಗಿಯೂ ತೇರ್ಗಡೆಯಾಗುವುದು ಕಷ್ಟ ಎಂಬರ್ಥದಲ್ಲಿ ಅವರು ಬರೆದರು. ನೀವು ಅಲ್ಲಿಗೇ ನಿಲ್ಲಿಸಿ, ಆ ಚಿತ್ರ ಅಲ್ಲಿ ಎಂಟು ತಿಂಗಳು ಓಡಿದ್ದನ್ನು ಹೇಳಿ, ಗೆದ್ದೆನೆಂದುಕೊಂಡಿದ್ದೀರಿ. ಆದರೆ ಅದೇ ವಿಮರ್ಶೆಯಲ್ಲಿ, ಚಿತ್ರ ಸಾಗಿದಂತೆ ಅದರ ಸಂಕಟವೂ ಕಾವ್ಯಗುಣವೂ ಮೆಲ್ಲಗೆ ತೆರೆದುಕೊಳ್ಳುತ್ತವೆ ಎಂದು ಅವರು ಒಪ್ಪಿಕೊಂಡಿದ್ದಾರೆ. ಅಭ್ಯಾಸಬಲದಿಂದ ಬೇಸರಗೊಂಡ ಒಬ್ಬ ಪ್ರೇಕ್ಷಕ ಬರಹದ ಮಧ್ಯದಲ್ಲೇ ಅಪರಿಚಿತ ಚಿತ್ರವೊಂದಕ್ಕೆ ಸೋಲುತ್ತಿರುವುದು ಆ ವಿಮರ್ಶೆಯಲ್ಲಿ ಕಾಣುತ್ತದೆ. ಅಷ್ಟು ಒಳ್ಳೆಯ ಸಾಮಗ್ರಿಯನ್ನು ನೀವು ಅರ್ಧಕ್ಕೆ ಕತ್ತರಿಸಿಬಿಟ್ಟಿರಿ.

ಒಂಬತ್ತು ವರ್ಷಗಳ ಅನಂತರ, 1967ರಲ್ಲಿ, ದರೋಡೆಕೋರ ಜೋಡಿಯೊಂದರ ಕಥೆಯ ಅಮೆರಿಕನ್ ಚಿತ್ರ ‘ಬಾನಿ ಅಂಡ್ ಕ್ಲೈಡ್’ ಬಂದಾಗ ಇದೇ ಕ್ರೌದರ್ ಹಾಗೆ ಸೋಲಲಿಲ್ಲ. ಚಿತ್ರದ ಹಿಂಸೆ ಅವರಿಗೆ ಸಹ್ಯವಾಗಲಿಲ್ಲ. ಒಂದು ಸಲ ಬರೆದು ಸುಮ್ಮನಾಗದೆ ಮತ್ತೆ ಮತ್ತೆ ಅದನ್ನು ಖಂಡಿಸಿದರು. ನ್ಯೂಸ್‌ವೀಕ್‌ನ ಜೋ ಮಾರ್ಗನ್‌ಸ್ಟರ್ನ್ ಅವರೂ ಮೊದಲು ಖಂಡಿಸಿದವರೇ. ಆದರೆ ಅವರು ಪ್ರೇಕ್ಷಕರ ನಡುವೆ ಕುಳಿತು ಚಿತ್ರವನ್ನು ಇನ್ನೊಮ್ಮೆ ನೋಡಿದರು. ಮರುವಾರವೇ, ತಮ್ಮ ಮೊದಲ ಅಭಿಪ್ರಾಯ ಸರಿಯಿರಲಿಲ್ಲವೆಂದು ಅದೇ ಪತ್ರಿಕೆಯಲ್ಲಿ ಎರಡನೆಯ ವಿಮರ್ಶೆ ಬರೆದರು. ನ್ಯೂಯಾರ್ಕರ್‌ನಲ್ಲಿ ಪಾಲಿನ್ ಕೇಲ್ ಸುಮಾರು ಏಳು ಸಾವಿರ ಪದಗಳಲ್ಲಿ ಚಿತ್ರವನ್ನು ಸಮರ್ಥಿಸಿದರು. ಒಂದೇ ಚಿತ್ರ, ಒಂದೇ ಊರು, ಕೆಲವೇ ತಿಂಗಳುಗಳೊಳಗೆ ಮೂವರು ಮೂರು ಬಗೆಯಲ್ಲಿ ನಡೆದುಕೊಂಡರು. ನಿಮ್ಮ ಲೇಖನದಲ್ಲಿ ಈ ಇಡೀ ಪ್ರಸಂಗಕ್ಕೆ ಸಿಕ್ಕಿರುವುದು ‘ಕ್ರೌದರ್: ತಪ್ಪು’ ಎಂಬ ಎರಡು ಪದ.

‘ನಾಗರಹಾವು’ ಚಿತ್ರದ ಬಗ್ಗೆ ತ.ರಾ.ಸು. ಅವರಿಗಿದ್ದ ಅಸಮಾಧಾನವನ್ನೂ ನೀವು ಇದೇ ಪಟ್ಟಿಗೆ ಸೇರಿಸಿರುವುದು ಸರಿಯಲ್ಲ. ಅವರು ಕಾದಂಬರಿಕಾರರು. ತಮ್ಮ ಮೂರು ಕಾದಂಬರಿಗಳು ಒಂದು ಚಿತ್ರವಾಗುವಾಗ ಪಾತ್ರಗಳಿಗೆ ಏನಾಯಿತೆಂದು ಕೇಳುವ ಹಕ್ಕು ಅವರದು. ಅದು ವಿಮರ್ಶಕರ ಅಭಿಪ್ರಾಯವಲ್ಲ, ಅದಕ್ಕೆ ಬೇರೆಯೇ ಲೇಖನ ಬೇಕು.

ನಕ್ಷತ್ರಗಳ ಸರಾಸರಿ ಲೆಕ್ಕ ಹಾಕಿರುವ ಪುಟವನ್ನು ಪೂರ್ತಿ ತೆಗೆದುಹಾಕಿ. ಪತ್ರಿಕೆಯಲ್ಲಿ ಚಿತ್ರಗಳಿಗೆ ನಕ್ಷತ್ರ ಕೊಡುವ ಪದ್ಧತಿಯನ್ನು 1928ರಲ್ಲಿ ನ್ಯೂಯಾರ್ಕಿನ ಡೈಲಿ ನ್ಯೂಸ್ ಆರಂಭಿಸಿತು. ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲವಾಗುವ ಗುರುತು ಅದು. ಒಬ್ಬರ ಮೂರು ನಕ್ಷತ್ರವನ್ನು ಇನ್ನೊಬ್ಬರ ಎರಡು ನಕ್ಷತ್ರದೊಡನೆ ಕೂಡಿ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ.

ವಿಮರ್ಶೆ ಬರೆಯುವವರ ಕೆಲಸದ ರೀತಿಯೂ ನಿಮಗೆ ಗೊತ್ತಿರಬೇಕು. ನಾನು ಹಲವು ವರ್ಷ ದಿನಪತ್ರಿಕೆಯೊಂದಕ್ಕೆ ಶುಕ್ರವಾರದ ಚಿತ್ರಗಳನ್ನು ನೋಡಿ ಬರೆದವನು. ಬೆಳಗಿನ ಆಟ ನೋಡಿ, ಬಸ್ಸಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡು, ಸಂಜೆ ಐದರೊಳಗೆ ನಾನೂರು ಪದ ಕೊಡಬೇಕಾಗಿತ್ತು. ಒಮ್ಮೆ ಹೊಸ ನಿರ್ದೇಶಕರೊಬ್ಬರ ಚಿತ್ರದ ಮೊದಲರ್ಧದ ಜಾಳುತನವನ್ನು ಮೇಲಿನ ಪ್ಯಾರಾಗಳಲ್ಲಿ ಹೇಳಿ, ಕೊನೆಯ ಪ್ಯಾರಾದಲ್ಲಿ ತಾಯಿಯ ಪಾತ್ರ ಮಾಡಿದ ನಟಿಯನ್ನು ಮನಸಾರೆ ಮೆಚ್ಚಿಕೊಂಡಿದ್ದೆ. ರಾತ್ರಿ ಜಾಹೀರಾತೊಂದು ಬಂದು, ಜಾಗ ಸಾಲದೆ, ಆ ಕೊನೆಯ ಪ್ಯಾರಾವನ್ನೇ ಡೆಸ್ಕಿನವರು ಕತ್ತರಿಸಿದರು. ಬೆಳಿಗ್ಗೆ ಓದುಗರ ಕೈಸೇರಿದ್ದು ಬರೀ ತೆಗಳಿಕೆ. ಆ ನಟಿಗೆ ನಾನು ಪತ್ರ ಬರೆದು ವಿಷಯ ತಿಳಿಸಿದೆ; ಅಚ್ಚಾದದ್ದು ಮಾತ್ರ ಹಾಗೆಯೇ ಉಳಿಯಿತು. ಹಳೆಯ ವಿಮರ್ಶೆಯೊಂದನ್ನು ಉದ್ಧರಿಸುವಾಗ, ಅದನ್ನು ಯಾವ ಅವಸರದಲ್ಲಿ, ಎಷ್ಟು ಜಾಗದಲ್ಲಿ, ಯಾರ ಕತ್ತರಿಯಡಿ ಬರೆದದ್ದೆಂಬ ಅರಿವಿರಲಿ. ತಪ್ಪನ್ನು ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಸರಿಯಾಗಿ ತೂಗಬೇಕೆಂದು ಕೇಳುತ್ತಿದ್ದೇನೆ.

ಇನ್ನು ನಾನು ಈ ಪತ್ರ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಆರನೆಯ ಪುಟದಲ್ಲಿ, ಎರಡು ಚಿತ್ರಗಳ ನಡುವೆ, ಏಳು ಸಾಲಿನ ಒಂದು ಪ್ಯಾರಾ ಇದೆ. ನಿಮ್ಮ ತಂದೆಯವರು ಭಾನುವಾರದ ಪತ್ರಿಕೆಯಿಂದ ಚಿತ್ರವಿಮರ್ಶೆಗಳನ್ನು ಕತ್ತರಿಸಿ, ಕಿರಾಣಿ ಅಂಗಡಿಯ ಹಳೆಯ ಕಿರ್ದಿ ಪುಸ್ತಕದಲ್ಲಿ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಚಿತ್ರ ಊರಿನ ಟಾಕೀಸಿಗೆ ಬಂದಾಗ, ಹಲವು ಸಲ ವರ್ಷ ಕಳೆದ ಮೇಲೆ, ನೋಡಿ ಬಂದು ಅಂಚಿನಲ್ಲಿ ‘ನಿಜ’ ಅಥವಾ ‘ಸುಳ್ಳು’ ಎಂದು ಬರೆಯುತ್ತಿದ್ದರು. ಒಮ್ಮೊಮ್ಮೆ ಎರಡು ಸಾಲಿನ ಕಾರಣವನ್ನೂ ಸೇರಿಸುತ್ತಿದ್ದರು. ಇದನ್ನು ನೀವು ಬರಿಯ ನೆನಪೆಂಬಂತೆ ದಾಟಿಸಿಬಿಟ್ಟಿದ್ದೀರಿ. ನನಗಾದರೋ ಇಡೀ ಲೇಖನದಲ್ಲಿ ಜೀವವಿರುವುದು ಅಲ್ಲಿಯೇ. ಸಾಲ ಬರೆಯುವ ಪುಸ್ತಕದಲ್ಲಿ ಒಬ್ಬ ಅಂಗಡಿಕಾರರು ತಾವೆಂದೂ ಮುಖ ಕಾಣದ ವಿಮರ್ಶಕರೊಡನೆ ವರ್ಷಗಟ್ಟಲೆ ವಾದ ನಡೆಸಿದ್ದಾರೆ. ವಿಮರ್ಶೆಗೆ ಬೆಲೆಯಿಲ್ಲದಿದ್ದರೆ ಅವರು ಕತ್ತರಿ ಹಿಡಿಯುತ್ತಿರಲಿಲ್ಲ.

ಆದ್ದರಿಂದ ಹದಿನಾಲ್ಕು ಚಿತ್ರಗಳನ್ನು ಬಿಡಿ. ಆ ಪುಸ್ತಕದಿಂದ ನಾಲ್ಕೈದು ವಿಮರ್ಶೆಗಳನ್ನು ಆರಿಸಿಕೊಳ್ಳಿ. ವಿಮರ್ಶಕರು ಕೊಟ್ಟ ಕಾರಣವನ್ನು ಪೂರ್ತಿಯಾಗಿ, ಅವರ ಮಾತಿನಲ್ಲೇ, ಪತ್ರಿಕೆಯ ಹೆಸರು ಮತ್ತು ದಿನಾಂಕದೊಡನೆ ಕೊಡಿ. ತಂದೆಯವರ ಅಂಚಿನ ಮಾತನ್ನು ಅದರ ಕೆಳಗೆ ಕೊಡಿ. ಆಮೇಲೆ ನೀವು ಆ ಚಿತ್ರವನ್ನು ಇಂದು ನೋಡಿ ಏನನ್ನಿಸಿತೆಂದು ಬರೆಯಿರಿ. ಎರಡು ಸಾವಿರ ಪದಗಳವರೆಗೆ ಜಾಗ ಕೊಡುತ್ತೇನೆ. ಒಂದೆರಡು ಪುಟಗಳ ಸ್ಪಷ್ಟವಾದ ಫೋಟೊಗಳನ್ನೂ ಕಳುಹಿಸಿ.

ಒಂದು ಕಡೆ ತಂದೆಯವರು ‘ಸುಳ್ಳು’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಅರ್ಧ ನಿಜ’ ಎಂದು ತಿದ್ದಿದ್ದರೆಂದು ಹೇಳಿದ್ದೀರಿ. ಅದು ಯಾವ ಚಿತ್ರ ಎಂಬುದನ್ನೂ, ಅವರು ಅದನ್ನು ಎರಡನೆಯ ಸಲ ಎಲ್ಲಿ ನೋಡಿದರು ಎಂಬುದನ್ನೂ ನೀವು ಬರೆದಿಲ್ಲ. ಹೊಸ ಲೇಖನವನ್ನು ಆ ಪುಟದಿಂದಲೇ ಆರಂಭಿಸಿ.

ವಿಶ್ವಾಸದಿಂದ,
ಸಂಪಾದಕ