ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋಡರ್‌ಗಳ ಸಂಘದ ಸಭೆಯಲ್ಲಿ ಮಾಡುವುದೇನು?

ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳನ್ನು ಬಿಲ್ಲಿಗೆ ಬೇಕಾದ ಸಂಕೇತಗಳಲ್ಲಿ ಬರೆಯುವ ಕೆಲಸ) ಮತ್ತು ಆರೋಗ್ಯ ಮಾಹಿತಿ ನಿರ್ವಹಣೆಯ ಕೆಲಸದಲ್ಲಿರುವ ಓದುಗರು ತಮ್ಮ ವೃತ್ತಿ ಸಂಘಗಳ ಚಟುವಟಿಕೆ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಬಹುತೇಕ ಪತ್ರಗಳು ಅಮೆರಿಕದ ಕೋಡ್ ಪದ್ಧತಿಯಲ್ಲಿ ದುಡಿಯುವವರವು. ಹಾಗಾಗಿ ನಿಯಮಗಳೂ ಅಲ್ಲಿಯವೇ.

ಪ್ರಶ್ನೆ: ನಮ್ಮ ಚಾಪ್ಟರ್‌ನಲ್ಲಿ (ಸಂಘದ ಸ್ಥಳೀಯ ಶಾಖೆ) ತಿಂಗಳಿಗೊಂದು ಸಭೆ. ಸಾಫ್ಟ್‌ವೇರ್ ಮಾರುವವರು ಯಾರಾದರೂ ಬಂದು ಸ್ಲೈಡ್ ತೋರಿಸುತ್ತಾರೆ, ಸದಸ್ಯರು ಹಾಜರಿ ಹಾಕಿ ಹೊರಡುತ್ತಾರೆ. ಬರುವವರೂ ಕಡಿಮೆಯಾಗುತ್ತಿದ್ದಾರೆ. ಹೊಸದಾಗಿ ಕಾರ್ಯದರ್ಶಿಯಾಗಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಭಾಷಣವನ್ನು ಅರ್ಧ ಗಂಟೆಗೆ ಇಳಿಸಿ. ಉಳಿದ ಒಂದು ಗಂಟೆ ಚಾರ್ಟ್ (ರೋಗಿಯ ವೈದ್ಯಕೀಯ ದಾಖಲೆ) ಕೋಡ್ ಮಾಡಿಸಿ. ಕೋಡರ್‌ಗೆ ಆಫೀಸಿನಲ್ಲಿ ಸಿಗದ ಒಂದೇ ಒಂದು ಸಂಗತಿ ಎಂದರೆ, ಬೇರೆ ಸಂಸ್ಥೆಯ ಕೋಡರ್ ಅದೇ ಚಾರ್ಟನ್ನು ಹೇಗೆ ಓದುತ್ತಾರೆ ಎಂದು ನೋಡುವ ಅವಕಾಶ. ಅದನ್ನು ಸಂಘ ಮಾತ್ರ ಒದಗಿಸಬಲ್ಲದು.

ಒಂದು ಸಭೆಗೆ ನಾಲ್ಕು ಚಾರ್ಟ್ ಸಾಕು, ಆರಾದರೆ ಚರ್ಚೆಗೆ ಸಮಯವೇ ಉಳಿಯುವುದಿಲ್ಲ. ಮೂರು ದಿನ ಮೊದಲೇ ಕಳಿಸಿಬಿಡಿ. ಜೊತೆಗೆ ಮೂರು ಕಾಲಂಗಳ ಒಂದು ಹಾಳೆ ಇರಲಿ: ಕೋಡ್, ಆ ಕೋಡ್‌ಗೆ ಆಧಾರವಾದ ದಾಖಲೆಯ ಸಾಲು, ಅನ್ವಯಿಸಿದ ಗೈಡ್‌ಲೈನ್‌ನ ವಿಭಾಗ. ಮೂರನೇ ಕಾಲಂ ಖಾಲಿ ಬಿಟ್ಟವರೇ ಹೆಚ್ಚು ಇರುತ್ತಾರೆ. ಚರ್ಚೆ ಹುಟ್ಟುವುದೂ ಅಲ್ಲಿಂದಲೇ. ಹಾಳೆಗಳನ್ನು ಸಭೆ ಶುರುವಾಗುವ ಮೊದಲೇ, ಹೆಸರಿಲ್ಲದೆ ಸಂಗ್ರಹಿಸಿ. ಇದನ್ನು ಮರೆತರೆ ಹಿರಿಯ ಆಡಿಟರ್ (ಇತರರ ಕೋಡ್ ಪರಿಶೀಲಿಸುವವರು) ಬಾಯಿ ಬಿಟ್ಟ ಕೂಡಲೇ ಉಳಿದವರೆಲ್ಲ ತಮ್ಮ ಉತ್ತರವನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತಾರೆ, ಇಡೀ ಕಸರತ್ತು ವ್ಯರ್ಥ.

ಒಂದು ಉದಾಹರಣೆ. ವೈದ್ಯರು ಬರೆದದ್ದು ಇಷ್ಟೇ: ಟೈಪ್ 2 ಮಧುಮೇಹ, ಅಧಿಕ ರಕ್ತದೊತ್ತಡ, ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಹಂತ 3ಬಿ, ಬಹುಕಾಲದಿಂದ ಇನ್ಸುಲಿನ್ ಮತ್ತು ಮೆಟ್‌ಫಾರ್ಮಿನ್. ಸರಿಯಾದ ಕೋಡ್‌ಗಳು ಐದು: ಇ11.22 (ಮಧುಮೇಹ, ಜೊತೆಗೆ ಮೂತ್ರಪಿಂಡ ಕಾಯಿಲೆ), ಐ12.9 (ರಕ್ತದೊತ್ತಡ, ಜೊತೆಗೆ ಮೂತ್ರಪಿಂಡ ಕಾಯಿಲೆ), ಎನ್18.32 (ಕಾಯಿಲೆಯ ಹಂತ 3ಬಿ), ಝಡ್79.4 (ಇನ್ಸುಲಿನ್), ಝಡ್79.84 (ಮಧುಮೇಹದ ಮಾತ್ರೆ). ಹಾಳೆಗಳನ್ನು ಬಿಚ್ಚಿದರೆ ಕಾಣುವುದೇ ಬೇರೆ. ‘ಮಧುಮೇಹದಿಂದ ಮೂತ್ರಪಿಂಡ ಕೆಟ್ಟಿದೆ ಎಂದು ವೈದ್ಯರು ಎಲ್ಲಿ ಬರೆದಿದ್ದಾರೆ?’ ಎಂದು ಕೆಲವರು ತೊಡಕಿಲ್ಲದ ಮಧುಮೇಹದ ಇ11.9 ಹಾಕಿರುತ್ತಾರೆ. ಅದೇ ಕಾರಣಕ್ಕೆ ಬರೀ ರಕ್ತದೊತ್ತಡದ ಐ10 ಹಾಕಿದವರೂ ಸಿಗುತ್ತಾರೆ. ರೋಗನಿದಾನದ ಕೋಡ್ ಪದ್ಧತಿಯಾದ ಐಸಿಡಿ-10-ಸಿಎಂ ಗೈಡ್‌ಲೈನ್‌ನ ‘ವಿತ್’ (ಜೊತೆಗೆ) ನಿಯಮದ ಪ್ರಕಾರ ಈ ಎರಡೂ ಕಡೆ ಸಂಬಂಧ ಇದೆಯೆಂದೇ ಭಾವಿಸಬೇಕು. ಮೂತ್ರಪಿಂಡದ ತೊಂದರೆಗೆ ಕಾರಣ ಬೇರೆ ಎಂದು ವೈದ್ಯರು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಿಡಬಹುದು. ಹಳೇ ನೋಟ್ಸ್ ಇಟ್ಟುಕೊಂಡವರು ಎನ್18.3 ಎಂದು ನಿಲ್ಲಿಸಿರುತ್ತಾರೆ. 2020ರ ಅಕ್ಟೋಬರ್ 1ರಿಂದ ಅದು 18.30, 18.31, 18.32 ಎಂದು ಒಡೆದಿದೆ, ಬರೀ 18.3 ಹಾಕಿದರೆ ಕ್ಲೇಮ್ (ವಿಮೆಗೆ ಕಳಿಸುವ ಬಿಲ್) ವಾಪಸ್ ಬರುತ್ತದೆ. ಇನ್ಸುಲಿನ್ ಜೊತೆ ಮಾತ್ರೆಯೂ ಇದ್ದರೆ ಹಿಂದೆ ಝಡ್79.4 ಒಂದೇ ಸಾಕಿತ್ತು, ಈಗ ಎರಡೂ ಬೇಕು. ಐದು ಕೋಡ್‌ನ ಒಂದು ಪುಟ್ಟ ಚಾರ್ಟ್‌ನಲ್ಲಿ ನಾಲ್ಕು ಕಡೆ ಎಡವಲು ಜಾಗವಿದೆ ನೋಡಿ.

ಲೆಕ್ಕ ಹಾಕುವಾಗ ಚಾರ್ಟ್‌ಗೆ ಒಂದು ಅಂಕ ಕೊಡಬೇಡಿ, ಕೋಡ್‌ವಾರು ಲೆಕ್ಕ ಮಾಡಿ. ಹನ್ನೆರಡು ಜನರಲ್ಲಿ ಇ11.22 ಬರೆದವರು ಒಂಬತ್ತು, ಝಡ್79.84 ಬರೆದವರು ಐದು ಎಂದು ಬೋರ್ಡಿನ ಮೇಲೆ ಹಾಕಿದರೆ ಮುಂದಿನ ಸಭೆಯ ವಿಷಯ ತಾನಾಗಿಯೇ ಗೊತ್ತಾಗುತ್ತದೆ. ಗೈಡ್‌ಲೈನ್ ಪುಸ್ತಕ ತೆರೆದಿಟ್ಟುಕೊಂಡೇ ವಾದ ಮಾಡಿ. ‘ನಮ್ಮ ಕ್ಲೈಂಟ್ ಹೀಗೇ ಕೇಳುತ್ತಾರೆ’ ಎಂಬುದು ಆಧಾರವಲ್ಲ. ಆದರೆ ಸಭೆಯಲ್ಲಿ ಅತಿ ಹೆಚ್ಚು ಕೇಳಿಬರುವ ವಾಕ್ಯ ಅದೇ.

ಪ್ರಶ್ನೆ: ನಿಜವಾದ ಚಾರ್ಟ್‌ಗಳನ್ನು ಹೀಗೆ ಸಭೆಗೆ ತರಬಹುದೇ? ರೋಗಿಯ ಹೆಸರನ್ನು ಕಪ್ಪು ಪಟ್ಟಿಯಿಂದ ಮುಚ್ಚಿದರೆ ಸಾಲದೇ?

ಸಾಲದು. ಮೊದಲು ನೀವು ದುಡಿಯುವ ಸಂಸ್ಥೆಯ ಲಿಖಿತ ಅನುಮತಿ ಬೇಕು, ಗುರುತು ಅಳಿಸುವ ಮಾತು ಆಮೇಲೆ. ಕ್ಲೈಂಟ್ ಜೊತೆಗಿನ ಒಪ್ಪಂದ ಅನುಮತಿಗೆ ಅಡ್ಡಬಂದರೆ ಆ ಚಾರ್ಟನ್ನು ಕೈಬಿಟ್ಟು, ಅದೇ ತೊಡಕಿರುವ ಕಾಲ್ಪನಿಕ ಟಿಪ್ಪಣಿಯೊಂದನ್ನು ನೀವೇ ಬರೆಯಿರಿ. ಹೆಚ್ಚಿನ ಸಂದರ್ಭಗಳಲ್ಲಿ ಇದೇ ಒಳ್ಳೆಯ ದಾರಿ.

ಅಮೆರಿಕದ ಹಿಪಾ ಖಾಸಗಿತನ ನಿಯಮದಲ್ಲಿ ‘ಸೇಫ್ ಹಾರ್ಬರ್’ ಎಂಬ ವಿಧಾನವಿದೆ. ಅದರಲ್ಲಿ ತೆಗೆಯಬೇಕಾದ ಗುರುತುಗಳು 18 ಬಗೆ. ಹೆಸರು, ಫೋನ್, ಇಮೇಲ್ ಯಾರೂ ಮರೆಯುವುದಿಲ್ಲ. ತಪ್ಪಿಸಿಕೊಳ್ಳುವುದು ಇವು: ವರ್ಷವೊಂದನ್ನು ಬಿಟ್ಟು ಎಲ್ಲ ದಿನಾಂಕಗಳು, 89 ದಾಟಿದವರ ವಯಸ್ಸು (90 ಅಥವಾ ಮೇಲ್ಪಟ್ಟು ಎಂದು ಒಂದೇ ಗುಂಪಿಗೆ ಸೇರಿಸಬೇಕು), ಮೆಡಿಕಲ್ ರೆಕಾರ್ಡ್ ನಂಬರ್, ಅಕೌಂಟ್ ನಂಬರ್, ಶಸ್ತ್ರಚಿಕಿತ್ಸಾ ಟಿಪ್ಪಣಿಯಲ್ಲಿ ಇಂಪ್ಲಾಂಟ್‌ನ ಸೀರಿಯಲ್ ನಂಬರ್.

ದಿನಾಂಕ ತೆಗೆದರೆ ಕೋಡ್ ಮಾಡುವುದು ಹೇಗೆ ಎಂದು ಕೇಳುತ್ತೀರಿ. ಶಸ್ತ್ರಚಿಕಿತ್ಸೆಯ ದಿನವನ್ನು ‘ದಿನ 0’ ಎಂದು ಬರೆದು ಉಳಿದವನ್ನು ಅದರಿಂದ ಎಣಿಸಿ. ರೋಗಿ ‘ದಿನ 41’ಕ್ಕೆ ಮತ್ತೆ ಬಂದರೆ 90 ದಿನಗಳ ಗ್ಲೋಬಲ್ ಅವಧಿಯೊಳಗೇ (ಶಸ್ತ್ರಚಿಕಿತ್ಸೆಯ ಶುಲ್ಕದಲ್ಲೇ ನಂತರದ ಆರೈಕೆಯೂ ಸೇರಿರುವ ಕಾಲ) ಬಂದಂತಾಯಿತು. ಸಂಬಂಧವಿಲ್ಲದ ತಪಾಸಣೆಯಾದರೆ ಮಾಡಿಫೈಯರ್ (ಕೋಡ್‌ಗೆ ಸೇರಿಸುವ ಸೂಚಕ) 24, ಮೊದಲಿನದರ ತೊಂದರೆಗಾಗಿ ಯೋಜಿಸದೆ ಮತ್ತೆ ಥಿಯೇಟರ್‌ಗೆ ಹೋದರೆ 78, ಸಂಬಂಧವಿಲ್ಲದ ಇನ್ನೊಂದು ಶಸ್ತ್ರಚಿಕಿತ್ಸೆಯಾದರೆ 79. ಇದನ್ನೆಲ್ಲ ಕಲಿಸಲು ಯಾವ ತಿಂಗಳು ಎಂಬುದು ಬೇಕಿಲ್ಲ.

ಇನ್ನು ಕಪ್ಪು ಪಟ್ಟಿ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅಡಿಯಲ್ಲಿ ಅಕ್ಷರಗಳು ಹಾಗೇ ಇರುತ್ತವೆ. ಆ ಜಾಗವನ್ನು ಸೆಲೆಕ್ಟ್ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಹೆಸರು ಹೊರಬರುತ್ತದೆ. ಪಠ್ಯವನ್ನು ಹೊಸ ಫೈಲಿಗೆ ಟೈಪ್ ಮಾಡುವುದೇ ಕ್ಷೇಮ. ಪುಟದ ಹೆಡರ್, ಫೈಲಿನ ಹೆಸರು, ಡಿಕ್ಟೇಶನ್‌ನ ಕೊನೆಯ ಸಾಲನ್ನು ಒಮ್ಮೆ ನೋಡಿ. ಟಿಪ್ಪಣಿಯ ನಡುವೆ ರೋಗಿಯ ಉದ್ಯೋಗವೋ ಪದವಿಯೋ ನುಸುಳಿ, ಅದೊಂದರಿಂದಲೇ ಯಾರೆಂದು ತಿಳಿಯುವಂತಿದ್ದರೆ ಅದೂ ಹೋಗಬೇಕು. ಚಾರ್ಟ್ ಸಿದ್ಧಪಡಿಸಿದವರು ಬಿಟ್ಟು ಇನ್ನೊಬ್ಬರು ಅದನ್ನು ಓದಿ ಸಹಿ ಹಾಕಿದ ಮೇಲೆಯೇ ಹಂಚಿ.

ಪ್ರಶ್ನೆ: ಸಿಇಯು (ಪ್ರಮಾಣಪತ್ರ ಉಳಿಸಿಕೊಳ್ಳಲು ಬೇಕಾದ ನಿರಂತರ ಕಲಿಕೆಯ ಅಂಕ) ಲೆಕ್ಕ ಪ್ರತಿ ಬಾರಿಯೂ ಕೊನೆ ತಿಂಗಳಲ್ಲಿ ಕಡಿಮೆ ಬೀಳುತ್ತದೆ. ನನಗೆ ಸಿಪಿಸಿಯೂ ಇದೆ, ಆರ್‌ಎಚ್‌ಐಟಿಯೂ ಇದೆ.

ಎರಡೂ ಬೇರೆ ಬೇರೆ ಸಂಘಗಳ ಪ್ರಮಾಣಪತ್ರಗಳು: ಸಿಪಿಸಿ ಕೋಡರ್‌ಗಳ ಸಂಘ ಎಎಪಿಸಿಯದು, ಆರ್‌ಎಚ್‌ಐಟಿ ಆರೋಗ್ಯ ಮಾಹಿತಿ ನಿರ್ವಹಣೆಯವರ ಸಂಘ ಅಹಿಮಾದ್ದು. ಲೆಕ್ಕವೂ ಬೇರೆ. ಎಎಪಿಸಿಯ ಒಂದು ಪ್ರಮಾಣಪತ್ರಕ್ಕೆ ಎರಡು ವರ್ಷದಲ್ಲಿ 36 ಸಿಇಯು ಬೇಕು. ಅಹಿಮಾದ ಆರ್‌ಎಚ್‌ಐಟಿಗೆ ಎರಡು ವರ್ಷಕ್ಕೆ 20, ಅಲ್ಲಿಯದೇ ಇನ್ನೊಂದು ಪ್ರಮಾಣಪತ್ರ ಆರ್‌ಎಚ್‌ಐಎ ಆಗಿದ್ದರೆ 30. ಎರಡು ವರ್ಷದ ಅವಧಿ ಎರಡೂ ಕಡೆ ಒಂದೇ ದಿನ ಮುಗಿಯುತ್ತದೆಂದು ಭಾವಿಸಬೇಡಿ. ಎರಡೂ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದಿಡಿ.

36ನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಒಂದೂವರೆ ಗಂಟೆ. ಚಾಪ್ಟರ್ ಸಭೆಗೆ ತಪ್ಪದೆ ಹೋದರೆ ಬಹುಪಾಲು ಅಲ್ಲೇ ಬಂದುಬಿಡುತ್ತದೆ. ಕಡಿಮೆ ಬೀಳಲು ಕಾರಣ ಸಾಮಾನ್ಯವಾಗಿ ಕಲಿಕೆಯ ಕೊರತೆಯಲ್ಲ, ಕಾಗದದ ಕೊರತೆ. ಸರ್ಟಿಫಿಕೇಟ್‌ನಲ್ಲಿ ನಿಮ್ಮ ಹೆಸರು, ದಿನಾಂಕ, ವಿಷಯ, ಗಂಟೆ ಮತ್ತು ಅನುಮೋದನೆಯ ಸಂಖ್ಯೆ ಇವೆಯೇ ಎಂದು ಹೊರಡುವ ಮೊದಲೇ ನೋಡಿ. ಅನುಮೋದನೆ ಸಭೆಗೆ ಮೊದಲೇ ಪಡೆದಿರಬೇಕು, ಅದು ಕಾರ್ಯದರ್ಶಿ ಮತ್ತು ಶಿಕ್ಷಣಾಧಿಕಾರಿಯ ಕೆಲಸ. ಒಂದು ಸಿಇಯು ಎಂದರೆ 60 ನಿಮಿಷದ ಪಾಠ. ಊಟ, ಸ್ವಾಗತ, ವಂದನಾರ್ಪಣೆ, ಮಾರಾಟಗಾರರು ಮಾಡುವ ತಮ್ಮ ಉತ್ಪನ್ನದ ಗುಣಗಾನ ಇದರಲ್ಲಿ ಸೇರುವುದಿಲ್ಲ. ಸಿಕ್ಕಿದ ದಿನವೇ ಖಾತೆಗೆ ಏರಿಸಿ, ಪ್ರತಿಯನ್ನೂ ಇಟ್ಟುಕೊಳ್ಳಿ. ಪರಿಶೀಲನೆಗೆ ನಿಮ್ಮ ಹೆಸರು ಬಂದರೆ ಕೇಳುವುದು ಆ ಪ್ರತಿಯನ್ನೇ.

ಪ್ರಶ್ನೆ: ಸಭೆಗಳ ವಾರ್ಷಿಕ ವೇಳಾಪಟ್ಟಿ ಹೇಗಿರಬೇಕು?

ಕೋಡ್‌ಗಳ ಕ್ಯಾಲೆಂಡರ್ ನೋಡಿಯೇ ಹಾಕಿ. ಐಸಿಡಿ-10-ಸಿಎಂ ಮತ್ತು ಪಿಸಿಎಸ್ (ಒಳರೋಗಿಗಳ ಚಿಕಿತ್ಸಾ ವಿಧಾನದ ಕೋಡ್) ಅಕ್ಟೋಬರ್ 1ಕ್ಕೆ ಬದಲಾಗುತ್ತವೆ, ಏಪ್ರಿಲ್ 1ಕ್ಕೂ ಒಂದು ಸಣ್ಣ ಕಂತು ಬರಬಹುದು. ಸಿಪಿಟಿ (ವೈದ್ಯರ ಸೇವೆಗಳ ಕೋಡ್) ಜನವರಿ 1ಕ್ಕೆ, ಎಚ್‌ಸಿಪಿಸಿಎಸ್ ಎರಡನೇ ಹಂತದ್ದು (ಔಷಧ, ಉಪಕರಣ ಮುಂತಾದವುಗಳ ಕೋಡ್) ಮೂರು ತಿಂಗಳಿಗೊಮ್ಮೆ. ಸೆಪ್ಟೆಂಬರ್ ಮತ್ತು ಡಿಸೆಂಬರ್ ಸಭೆಗಳನ್ನು ಹೊಸ ಕೋಡ್‌ಗಳಿಗೇ ಮೀಸಲಿಡಿ. ಅಕ್ಟೋಬರ್ ಮಧ್ಯದಲ್ಲಿ ಮಾಡಿದರೆ ಆಗಲೇ ಎರಡು ವಾರದ ಕ್ಲೇಮ್‌ಗಳು ಹೋಗಿರುತ್ತವೆ. ಸೆಪ್ಟೆಂಬರ್ 28ಕ್ಕೆ ದಾಖಲಾಗಿ ಅಕ್ಟೋಬರ್ 2ಕ್ಕೆ ಬಿಡುಗಡೆಯಾದ ರೋಗಿಗೆ ಯಾವ ವರ್ಷದ ಕೋಡ್ ಎಂದು ಕೇಳಿ ನೋಡಿ, ಅನುಭವಿಗಳೂ ತಡವರಿಸುತ್ತಾರೆ. ಒಳರೋಗಿಗೆ ಬಿಡುಗಡೆಯ ದಿನಾಂಕವೇ ಲೆಕ್ಕ, ಆದ್ದರಿಂದ ಹೊಸದು.

ಪ್ರಶ್ನೆ: ಸಿಪಿಸಿ ಪಾಸಾಗಿದ್ದೇನೆ, ಆದರೆ ಪ್ರಮಾಣಪತ್ರದ ಹೆಸರಿನ ಕೊನೆಗೆ ‘ಎ’ ಇದೆ. ಸಂಘಕ್ಕೆ ಹೋಗಿ ಪ್ರಯೋಜನವಿದೆಯೇ?

‘ಎ’ ಎಂದರೆ ಅಪ್ರೆಂಟಿಸ್. ಅದು ಹೋಗಬೇಕಾದರೆ ಎರಡು ವರ್ಷದ ಕೋಡಿಂಗ್ ಅನುಭವಕ್ಕೆ ಪುರಾವೆ ಬೇಕು, ಅಥವಾ ಒಂದು ವರ್ಷದ ಅನುಭವದ ಜೊತೆಗೆ 80 ಗಂಟೆಗಳ ಕೋಡಿಂಗ್ ಶಿಕ್ಷಣ. ಅನುಭವವನ್ನು ಪತ್ರಗಳ ಮೂಲಕ ತೋರಿಸಬೇಕು, ಅದರಲ್ಲಿ ಒಂದು ಉದ್ಯೋಗದಾತರ ಲೆಟರ್‌ಹೆಡ್‌ನಲ್ಲಿರಲಿ. ಪತ್ರದಲ್ಲಿ ‘ಒಳ್ಳೆಯ ಕೆಲಸಗಾರ’ ಎಂದಿದ್ದರೆ ಏನೂ ಆಗುವುದಿಲ್ಲ. ಎಂದಿನಿಂದ ಎಂದಿನವರೆಗೆ, ಯಾವ ಕೋಡ್ ಪದ್ಧತಿ ಬಳಸಿದ್ದೀರಿ ಎಂಬುದು ಬೇಕು.

ಸಂಘದಿಂದ ಕೆಲಸ ಸಿಗುತ್ತದೆಂಬ ಭರವಸೆ ಕೊಡಲಾರೆವು. ಆದರೆ ಹಾಜರಿ ಹಾಕಿ ಹೊರಡುವವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮೇಲೆ ಹೇಳಿದ ಚಾರ್ಟ್ ಸಿದ್ಧಪಡಿಸುವ ಕೆಲಸವನ್ನು ಕೇಳಿ ಪಡೆಯಿರಿ. ಕಾಲ್ಪನಿಕ ಟಿಪ್ಪಣಿ ಬರೆದು, ಪ್ರತಿ ಕೋಡ್‌ಗೂ ಆಧಾರ ಹುಡುಕಿದವರ ಕೈಚಳಕ ಆ ಕೊಠಡಿಯಲ್ಲಿರುವ ಆಡಿಟರ್‌ಗಳ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಚರ್ಚೆ ಎಷ್ಟು ಮಾಡಿದರೂ ಒಮ್ಮತಕ್ಕೆ ಬರಲಾಗದ ಕೋಡ್‌ಗಳನ್ನು ಎಲ್ಲಿಗೆ ಕಳಿಸಬೇಕು?

ಯಾವ ಕೋಡ್ ಎಂಬುದರ ಮೇಲೆ ದಾರಿ ಬೇರೆ. ಐಸಿಡಿ-10-ಸಿಎಂ, ಪಿಸಿಎಸ್ ಪ್ರಶ್ನೆಗಳು ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಶನ್‌ನ ‘ಕೋಡಿಂಗ್ ಕ್ಲಿನಿಕ್’ಗೆ, ಸಿಪಿಟಿಯವು ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್‌ಗೆ. ಬರೀ ‘ಇದಕ್ಕೆ ಯಾವ ಕೋಡ್?’ ಎಂದು ಕಳಿಸಬೇಡಿ. ಗುರುತು ಅಳಿಸಿದ ದಾಖಲೆ, ನೀವು ಯೋಚಿಸಿದ ಎರಡು ಆಯ್ಕೆಗಳು, ಪ್ರತಿಯೊಂದಕ್ಕೂ ಗೈಡ್‌ಲೈನ್ ಆಧಾರ ಲಗತ್ತಿಸಿ.

ಕೋಡೇ ಇಲ್ಲದಿದ್ದರೆ ಅದು ಬೇರೆ ಮಾತು. ಹೊಸ ಕೋಡ್‌ನ ಪ್ರಸ್ತಾವಗಳು ಸಾಮಾನ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುವ ಐಸಿಡಿ-10 ಸಮನ್ವಯ ಮತ್ತು ನಿರ್ವಹಣಾ ಸಮಿತಿಯ ಸಭೆಗೆ ಬರುತ್ತವೆ. ರೋಗನಿದಾನದ ಕೋಡ್‌ಗಳನ್ನು ಅಮೆರಿಕದ ಆರೋಗ್ಯ ಅಂಕಿಅಂಶ ಕೇಂದ್ರ ಎನ್‌ಸಿಎಚ್‌ಎಸ್ ನೋಡಿಕೊಂಡರೆ ಚಿಕಿತ್ಸಾ ವಿಧಾನದ ಕೋಡ್‌ಗಳನ್ನು ಅಲ್ಲಿನ ಸರ್ಕಾರಿ ವಿಮೆ ನಡೆಸುವ ಸಿಎಂಎಸ್ ನೋಡಿಕೊಳ್ಳುತ್ತದೆ. ಸಭೆಯ ನಂತರ ಸಾರ್ವಜನಿಕ ಅಭಿಪ್ರಾಯಕ್ಕೆ ಕಾಲಾವಕಾಶವಿದೆ. ಚಾಪ್ಟರ್‌ನ ಹೆಸರಿನಲ್ಲಿ ಒಂದು ಪುಟದ ಅಭಿಪ್ರಾಯ ಬರೆದು ಕಳಿಸಲು ಯಾವ ಅಡ್ಡಿಯೂ ಇಲ್ಲ. ದಿನವೂ ಕೋಡ್ ಹಾಕುವವರಿಗೆ ಮಾತ್ರ ಕಾಣುವ ತೊಡಕುಗಳು ಇರುತ್ತವೆ, ಅವನ್ನು ಬರೆಯಿರಿ.

ಪ್ರಶ್ನೆ: ನಾನು ಕೋಡರ್ ಅಲ್ಲ, ವೈದ್ಯಕೀಯ ದಾಖಲೆ ವಿಭಾಗದಲ್ಲಿದ್ದೇನೆ. ನಮಗೂ ಸಂಘವುಂಟೇ?

ಉಂಟು. ನಿಮ್ಮ ವೃತ್ತಿಯೇ ಹಿರಿಯದು. ಅಹಿಮಾ 1928ರಲ್ಲಿ ಹುಟ್ಟಿದ್ದೇ ದಾಖಲೆ ಪಾಲಕರ ಸಂಘವಾಗಿ. ಕೋಡರ್‌ಗಳ ಎಎಪಿಸಿ ಬಂದದ್ದು 1988ರಲ್ಲಿ. ದೇಶದೇಶಗಳ ಇಂಥ ಸಂಘಗಳ ಒಕ್ಕೂಟ ಇಫಿಮಾ 1968ರಿಂದ ಇದೆ. ಅಪೂರ್ಣ ದಾಖಲೆ, ಸಹಿಯಿಲ್ಲದ ಡಿಸ್ಚಾರ್ಜ್ ಸಮ್ಮರಿ, ಒಬ್ಬರಿಗೇ ಎರಡು ರೆಕಾರ್ಡ್ ನಂಬರ್, ಇವೆಲ್ಲ ಕೋಡರ್‌ನ ಮೇಜಿಗೆ ಬರುವ ಮುಂಚೆಯೇ ನಿಮ್ಮ ಕೈ ದಾಟಿ ಬಂದಿರುತ್ತವೆ. ಜಂಟಿ ಸಭೆ ಕೇಳಿ.

ಪ್ರಶ್ನೆ: ನಮ್ಮ ಅಧ್ಯಯನ ಗುಂಪಿನಲ್ಲಿ, ಪರೀಕ್ಷೆ ಬರೆದು ಬಂದವರು ನೆನಪಿರುವ ಪ್ರಶ್ನೆಗಳನ್ನು ಹಾಕುತ್ತಾರೆ. ತಪ್ಪೇ?

ತಪ್ಪು. ಪರೀಕ್ಷೆಗೆ ಕೂರುವಾಗ ಗೋಪ್ಯತೆಗೆ ಒಪ್ಪಿಯೇ ಎಲ್ಲರೂ ಕೂತಿರುತ್ತಾರೆ. ಗೊತ್ತಾದರೆ ಹಾಕಿದವರ ಪ್ರಮಾಣಪತ್ರಕ್ಕೆ ಕುತ್ತು ಬರಬಹುದು. ಗುಂಪು ಚಾಪ್ಟರ್‌ನ ಹೆಸರಿನಲ್ಲಿದ್ದರೆ ಪದಾಧಿಕಾರಿಗಳೂ ಉತ್ತರ ಕೊಡಬೇಕಾಗುತ್ತದೆ. ಸಿಪಿಸಿಗೆ ನಾಲ್ಕು ಗಂಟೆಯಲ್ಲಿ 100 ಪ್ರಶ್ನೆ, ಅಂದರೆ ಪ್ರಶ್ನೆಗೆ 2 ನಿಮಿಷ 24 ಸೆಕೆಂಡು. ಗುಂಪಿನವರು ಕಲಿಯಬೇಕಾದದ್ದು ಆ ವೇಗದಲ್ಲಿ ಕೋಡ್ ಪುಸ್ತಕ ತಿರುವುವುದನ್ನು. ವಾರಕ್ಕೊಮ್ಮೆ ಸ್ವಂತ ಹತ್ತು ಪ್ರಶ್ನೆಗಳನ್ನು 24 ನಿಮಿಷಕ್ಕೆ ಗಡಿಯಾರ ಇಟ್ಟು ಬಿಡಿಸಿ. ಹಳೆಯ ಪೋಸ್ಟ್‌ಗಳನ್ನು ಇಂದೇ ಅಳಿಸಿಹಾಕಿ.