ನಷ್ಟದ ವರ್ಷದಲ್ಲೂ ಜಕಾತ್ ಯಾಕೆ?

ಪತ್ರ: ಶಿಡ್ಲಘಟ್ಟದಲ್ಲಿ ನಾನು ಮತ್ತು ನನ್ನ ಮುಸ್ಲಿಂ ಗೆಳೆಯ ಸಮಪಾಲಿನಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುತ್ತಿದ್ದೇವೆ. ಈ ವರ್ಷ ನಷ್ಟ. ಆದರೂ ರಂಜಾನ್ ಬಂತೆಂದು ಅವನು ಜಕಾತ್ (ಮುಸ್ಲಿಮರ ಕಡ್ಡಾಯ ದಾನ) ಲೆಕ್ಕಕ್ಕೆ ಕೂತಿದ್ದಾನೆ. ಲಾಭವಿಲ್ಲದೆ ದಾನವೆ? ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಖರ್ಚು) ಹಾಗೆ ಇದನ್ನೂ ಘಟಕದ ಖರ್ಚಿಗೆ ಬರೆಯಬಹುದೆ? ಕೆಲಸದವರ ಹಬ್ಬದ ಬೋನಸ್ಸನ್ನು ಇದರಲ್ಲೇ ಸೇರಿಸಬಹುದೆ?

ಉತ್ತರ: ಸಿಎಸ್‌ಆರ್ ವಿಚಾರ ಬೇಗ ಮುಗಿಸೋಣ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2% ಖರ್ಚು ಮಾಡಿ ಎನ್ನುತ್ತದೆ. ನಿಮ್ಮ ಪಾಲುದಾರಿಕೆಗೆ ಅದು ತಗಲುವುದಿಲ್ಲ.

ಜಕಾತ್ ಕೇಳುವುದು ಲಾಭ ಎಷ್ಟು ಎಂದಲ್ಲ, ಕೈಯಲ್ಲಿ ಏನಿದೆ ಎಂದು. 52.5 ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಗೆ ಸಮನಾದ ಆಸ್ತಿಯುಳ್ಳವರು, ಚಾಂದ್ರಮಾನದ ಒಂದು ವರ್ಷ ತುಂಬಿದಾಗ 2.5% ಕೊಡಬೇಕೆಂಬುದು ನಮ್ಮ ಕಡೆ ರೂಢಿಯಲ್ಲಿರುವ ಹನಫಿ ಪಂಥದ ಲೆಕ್ಕ. ಬಾಯ್ಲರ್, ಬಿಚ್ಚಾಣಿಕೆ ಯಂತ್ರ, ಕಟ್ಟಡ, ರೇಷ್ಮೆಗೂಡು ತರುವ ಟೆಂಪೊ ಇವು ದುಡಿಯುವ ಸಾಧನಗಳು, ಲೆಕ್ಕಕ್ಕಿಲ್ಲ. ಗೂಡು, ನೂಲು, ನಗದು, ಬರಬೇಕಾದ ಬಾಕಿ ಲೆಕ್ಕಕ್ಕೆ ಬರುತ್ತವೆ. ನೂಲಿಗೆ ಕೊಂಡ ಬೆಲೆಯಲ್ಲ, ಅಂದಿನ ಮಾರುಕಟ್ಟೆ ಬೆಲೆ ಹಾಕಬೇಕು. ಬೆಲೆ ಬಿದ್ದಿದ್ದರೆ ಜಕಾತೂ ತಾನಾಗಿ ಇಳಿಯುತ್ತದೆ, ಅಷ್ಟೇ.

ಅಂದಾಜಿಗೆ ಹೇಳುತ್ತೇನೆ: ಸರಕು 12 ಲಕ್ಷ, ಬಾಕಿ 5 ಲಕ್ಷ, ಬ್ಯಾಂಕಿನಲ್ಲಿ 3 ಲಕ್ಷ. ಗೂಡಿನ ರೈತರಿಗೂ ಬೇರೆಯವರಿಗೂ ನೀವು ಕೊಡಬೇಕಾದ 4 ಲಕ್ಷ ಕಳೆಯಿರಿ. ಉಳಿದ 16 ಲಕ್ಷದಲ್ಲಿ ನಿಮ್ಮ ಗೆಳೆಯರ ಪಾಲು 8 ಲಕ್ಷ, ಜಕಾತ್ 20,000 ರೂಪಾಯಿ. ಹೋದ ವರ್ಷ 20 ಲಕ್ಷ ಇದ್ದದ್ದು ಈಗ 16ಕ್ಕೆ ಇಳಿದಿದ್ದರೂ ಉಳಿದದ್ದರ ಮೇಲೆ ಕೊಡಬೇಕು. ನಿಮ್ಮ 8 ಲಕ್ಷಕ್ಕೆ ಜಕಾತಿನ ಹಂಗಿಲ್ಲ. ಹಾಗಾಗಿ ಇದು ಘಟಕದ ಖರ್ಚೂ ಅಲ್ಲ. ಅವರ ಬಂಡವಾಳ ಖಾತೆಯಲ್ಲಿ 'ಸ್ವಂತಕ್ಕೆ ತೆಗೆದದ್ದು' ಎಂದು ಬರೆಯಿರಿ. ನಿಮ್ಮ ಏಪ್ರಿಲ್-ಮಾರ್ಚ್ ಪುಸ್ತಕಕ್ಕೂ ಅವರ ರಂಜಾನಿಗೂ ಪ್ರತಿವರ್ಷ ಹನ್ನೊಂದು ದಿನದಷ್ಟು ಅಂತರ ಸರಿಯುತ್ತದೆ; ಆ ದಿನದ ದಾಸ್ತಾನನ್ನು ಬೇರೆಯಾಗಿಯೇ ಎಣಿಸಬೇಕು. ನಿಮ್ಮ ಗೆಳೆಯ ಚೀಟಿ ಹಿಡಿದು ಗೋದಾಮು ಸುತ್ತುವುದು ಅದಕ್ಕೇ, ನಿಮ್ಮ ಮೇಲೆ ಅನುಮಾನಪಟ್ಟಲ್ಲ!

ಬೋನಸ್ ಮಾತ್ರ ಬೆರೆಸಬೇಡಿ. ಜಕಾತ್ ಯಾರಿಗೆ ಸಲ್ಲಬೇಕೆಂದು ಕುರಾನ್ (9:60) ಎಂಟು ವರ್ಗ ಹೇಳಿದೆ. ಬಡವರು, ಸಾಲದಲ್ಲಿ ಮುಳುಗಿದವರು ಅದರಲ್ಲಿದ್ದಾರೆ. ಬಿಸಿನೀರಿನ ಬಟ್ಟಲ ಮುಂದೆ ಕೂತು ನೂಲೆಳೆ ಹಿಡಿಯುವ ಹೆಂಗಸರಲ್ಲಿ ಅಂಥವರಿದ್ದರೆ ಅವರಿಗೂ ಕೊಡಬಹುದು, ಆದರೆ ದುಡಿಮೆಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ ಮೇಲೆ. ಬೋನಸ್ಸನ್ನು ನೀವಿಬ್ಬರೂ ಸೇರಿ ಘಟಕದಿಂದ ಕೊಡಿ. ಖರ್ಚಿಗೆ ಬರೆಯಬೇಕಾದ್ದು ಅದನ್ನೇ.